ಏಲವ್ವನ ಐದನೆಯ ಜಾಗ

ಅಂಕಿತಾಳ ಮದುವೆಗೆಂದು ಸ್ಕಾಟ್ಲೆಂಡಿನಿಂದ ಬಂದ ಗೆಳತಿ ಏಲಿ, ಲಕ್ಷ್ಮೇಶ್ವರದ ಆ ಮನೆಯಲ್ಲಿ ಮರುದಿನಕ್ಕೇ ಏಲವ್ವ ಆಗಿಬಿಟ್ಟಿದ್ದಳು. ಹಾಗೆ ಕರೆದವಳು ಅಜ್ಜಿ ಗದಿಗೆವ್ವ. ಸ್ಕಾಟ್ಲೆಂಡಿನ ಒಂದೇ ಆಸ್ಪತ್ರೆಯಲ್ಲಿ ಅಂಕಿತಾ, ಏಲಿ ಇಬ್ಬರೂ ನರ್ಸುಗಳು. ಅದರ ಜೊತೆಗೆ ಏಲಿ ಬಹಳ ವರ್ಷಗಳಿಂದ ಕರ್ಲಿಂಗ್ ಆಡುವವಳು.

ಅದೆಂಥ ಆಟವೆಂದು ತೋರಿಸಲು ಅಂಕಿತಾ ಮೊಬೈಲ್ ಹಿಡಿದಳು. ಮಂಜುಗಡ್ಡೆಯ ಅಂಗಳದಲ್ಲಿ ಒಬ್ಬಳು ದೊಡ್ಡ ಕಲ್ಲೊಂದನ್ನು ಜಾರಿಸಿ ಬಿಟ್ಟಳು. ಏಲಿ ಮತ್ತು ಇನ್ನೊಬ್ಬಳು ಅದರ ಮುಂದೆ ಓಡುತ್ತ ಬ್ರಶ್ಶಿನಿಂದ ಗಸಗಸ ತಿಕ್ಕತೊಡಗಿದರು.

“ಅಲ್ಲವಾ, ಇಷ್ಟ್ ಚಂದದ ಹುಡುಗಿ ತಮ್ಮೂರಾಗ ಕಸಾ ಹೊಡಿತಾಳ?” ಎಂದಳು ಅಜ್ಜಿ.

“ಕಸಾ ಅಲ್ಲಬೇ ಆಯಿ. ತಿಕ್ಕಿದ್ರ ಕಲ್ಲು ದೂರ ಹೊಕ್ಕೈತಿ. ಕಲ್ಲು ಎಲ್ಲಾರೂ ಬಿಡ್ತಾರ, ಆದ್ರ ತಿಕ್ಕೂದರಾಗ ಈಕಿದು ದೊಡ್ಡ ಹೆಸರು.”

“ಕಲ್ಲು ಬಿಟ್ಟಾಕಿ ಅಲ್ಲೇ ಕುಂತಾಳ, ಓಡಿ ಓಡಿ ಬೆವರಾಕಿ ನಮ್ಮ ಏಲವ್ವ. ಭಾಳ ಚೊಲೋ ಆಟ ಬಿಡು.”

ಅಂಕಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಏಲಿ ಬಿದ್ದುಬಿದ್ದು ನಕ್ಕಳು. ನಗುವಾಗಲೂ ಅವಳ ಕೈ ಬಲ ಭುಜವನ್ನು ಒತ್ತಿಕೊಂಡೇ ಇದ್ದುದನ್ನು ನೋಡಿದವಳು ಶಾಂಭವಿ ಒಬ್ಬಳೇ. ಅಂಕಿತಾಳ ಈ ತಂಗಿ ಶಾಲೆ ಬಿಟ್ಟು ಮನೆಯಲ್ಲಿದ್ದಳು. ಮಾತು ಕಡಿಮೆ, ನೋಡುವುದು ಹೆಚ್ಚು.

ಅಡುಗೆಮನೆಯಲ್ಲಿ ಅಕ್ಕನನ್ನು ಕೇಳಿದಳು. “ಆಕಿ ಭುಜಕ್ಕ ಏನಾಗೇತಿ?”

“ಆಪರೇಶನ್ ಆತು. ಆಕಿ ಜಾಗಾದಾಗ ಒಬ್ಬಾಕಿ ಸಣ್ಣ ಹುಡುಗಿ ಬಂದ್ಲು. ಈಗ ದೊಡ್ಡ ಪಂದ್ಯ ಐತಿ, ಐದನೇದಾಕಿ ಆಗಿ ಬಾ ಅಂತ ಕರದಾರ. ಆಡೂದು ನಾಕ ಮಂದಿ. ಯಾರಿಗರ ಪೆಟ್ಟಾದ್ರ ಅಷ್ಟ ಐದನೇದಾಕಿ ಇಳೀತಾಳ. ಇಲ್ಲಾಂದ್ರ ಕುಂಡ್ರೂದು, ಆಟ ಮುಗದಮ್ಯಾಲೆ ಕಲ್ಲು ಒಂದೊಂದ ಬಿಟ್ಟ ನೋಡಿ, ಯಾವುದು ಹೆಂಗ ಓಡ್ತೈತಿ ಅಂತ ಉಳದಾವ್ರಿಗೆ ಹೇಳೂದು. ನಾಳೆ ಸಂಜಿಯೊಳಗ ಹೇಳಬೇಕಂತ. ಒಲ್ಲೆ ಅಂದ್ರ ಆಕಿ ಆಟ ಮುಗದಂಗ.”

“ಏನಂತಾಳ?”

“ಬೆಂಚ ಕಾಯಾಕ ಹೋಗಂಗಿಲ್ಲ ಅಂತಾಳ.”

ಮರುದಿನ ಮದುವೆ. ಕಳಸ ಹಿಡಿದು ಮದುಮಗಳ ಪಕ್ಕದಲ್ಲೇ ನಿಲ್ಲುವ ಕಳಸಗಿತ್ತಿ ಶಾಂಭವಿಯೇ. ಮುಂಡರಗಿಯ ಬೀಗರು ತುಂಬಿದ ಮಂಟಪದಲ್ಲಿ ತಲೆ ಎತ್ತಲು ಅವಳಿಗೆ ಧೈರ್ಯವಿರಲಿಲ್ಲ.

“ತಂಗಿ, ಸ್ವಲ್ಪ ಆ ಕಡೆ ಸರಿಯವಾ, ಮದುಮಗಳು ಕಾಣವಲ್ಲಳು” ಎನ್ನುತ್ತಲೇ ಇದ್ದ ಬೆಟಗೇರಿಯ ಫೋಟೋ ಯಮನೂರಸಾಬ. ಅವಳು ಸರಿಯುವಳು, ಅವನು ಆಚೆ ಹೋದೊಡನೆ ಮತ್ತೆ ಅಕ್ಕನಿಗೆ ಹತ್ತಿ ನಿಲ್ಲುವಳು. ಅಕ್ಕನ ಮುಡಿಯಿಂದ ಜಾರಿದ ಹೂದಂಡೆಯನ್ನು ಸರಿಮಾಡಿದಳು. ತಾಳಿ ಕಟ್ಟುವ ಹೊತ್ತಿಗೆ ಕಳಸವನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದರಿಂದ ಅಕ್ಕನ ಮೊಳಕೈ ಹಿಡಿದಳು. ಒಮ್ಮೆ ಕಣ್ಣೆತ್ತಿದಾಗ, ಮುಂದೆ ಚಾಪೆಯ ಮೇಲೆ ಕುಳಿತಿದ್ದ ಏಲಿ ಮದುಮಗಳನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದುದು ಕಂಡಿತು.

ಊಟವಾದ ಮೇಲೆ ಏಲಿ ಏನೋ ಕೇಳಿದಳು. ಅಂಕಿತಾ ನಕ್ಕು ತಂಗಿಯತ್ತ ತಿರುಗಿದಳು. “ಶಾಂಭೂ, ಮುಂಜಾನಿಂದ ನಿಂತೇ ಇದ್ದಿ, ಒಬ್ರೂ ನಿನ್ನ ನೋಡ್ಲಿಲ್ಲ, ಬ್ಯಾಸರ ಆಗಲಿಲ್ಲೇನು ಅಂತ ಕೇಳಾಕತ್ತಾಳ.”

ಶಾಂಭವಿ ಸೆರಗಿನ ಅಂಚು ತಿರುವುತ್ತ ಅಕ್ಕನಿಗೇ ಹೇಳಿದಳು.

“ನಿನ್ನ ಕೈ ನಡಗಾಕತ್ತಿತ್ತು. ಅದು ನನಗಷ್ಟ ಗೊತ್ತಿತ್ತು. ಬ್ಯಾಸರ ಯಾಕ ಆಕ್ಕೈತಿ?”

ಅಂಕಿತಾ ತಂಗಿಯ ಕೈ ಹಿಡಿದುಕೊಂಡಳು.

“ಆಕಿಗೂ ಹೇಳವಾ. ಇಲ್ಲಾಂದ್ರ ನಾನ ಹೇಳ್ತೀನಿ, ನನ್ನ ಇಂಗ್ಲಿಷಿನ್ಯಾಗ” ಎಂದಳು ಅಜ್ಜಿ.

ಅಂಕಿತಾ ಹೇಳಿದಳು. ಏಲಿ ನಗಲಿಲ್ಲ. ಫೋನು ತೆಗೆದುಕೊಂಡು ಮಂಟಪದ ಹೊರಗೆ ಹೋದಳು. ಕಿಟಕಿಯಿಂದ ಶಾಂಭವಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಮಾತು ತಿಳಿಯಲಿಲ್ಲ.

ಏಲಿ ಬಂದು ಅಂಕಿತಾಳಿಗೆ ಏನೋ ಹೇಳಿ, ಶಾಂಭವಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು.

“ಹೊಕ್ಕಾಳಂತ,” ಎಂದಳು ಅಂಕಿತಾ, “ಐದನೇದಾಕಿ ಆಗಿ.”

ಏಲಿ ಫೋನಿನಲ್ಲಿ ಒಂದು ಚಿತ್ರ ತೆರೆದು ಶಾಂಭವಿಯ ಕೈಗೆ ಕೊಟ್ಟಳು. ಕೆಂಪು ಕೂದಲಿನ ಹುಡುಗಿ, ಬ್ರಶ್ ಹಿಡಿದು ನಿಂತಿದ್ದಳು.

“ಏಲಿ ಜಾಗಾದಾಗ ಬಂದಾಕಿ,” ಎಂದಳು ಅಂಕಿತಾ. “ದೊಡ್ಡ ಪಂದ್ಯ ಆಡೂದು ಇದ ಮೊದಲಂತ.”

ಶಾಂಭವಿ ಚಿತ್ರವನ್ನು ದೊಡ್ಡದು ಮಾಡಿ ಆ ಹುಡುಗಿಯ ಕೈಗಳನ್ನು ನೋಡಿದಳು. ಕೈಗವಸು ಇದ್ದುದರಿಂದ ನಡುಗುತ್ತಿದ್ದವೋ ಇಲ್ಲವೋ ಗೊತ್ತಾಗಲಿಲ್ಲ.