ಹೊಸ ಹಾಡಿನ ತಕರಾರು

“ಇದನ್ನ ಹಾಡು ಅಂತ ಯಾವನು ಕರೆದ?” ಎಂದು ಅವನು ಸ್ಪೀಕರಿನ ದನಿಯನ್ನು ಇನ್ನೂ ಏರಿಸಿದ. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ನಡುಗಿದವು. ಹೆಂಡತಿ ಒಳಗಿನಿಂದ ಬಂದು ಕಿಟಕಿ ಮುಚ್ಚಿ ಹೋದಳು.

ಅವನು ಮುದ್ರಣಾಲಯದಲ್ಲಿ ದೊಡ್ಡ ಯಂತ್ರ ನಡೆಸುವವನು. ಜೊತೆಗಾರರು ಇಟ್ಟ ಹೆಸರು ತಕರಾರು. ಕೆಲಸದ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ; ಇದ್ದದ್ದೆಲ್ಲ ಹೊಸ ಹಾಡುಗಳ ಮೇಲೆ. ವಾರವಾರ ಬಿಡುಗಡೆಯಾಗುವ ರಾಕ್, ಪಾಪ್ ಆಲ್ಬಮ್‌ಗಳನ್ನು ಹಟಕ್ಕೆ ಬಿದ್ದವನಂತೆ ಕೇಳಿ, ಅಭಿಮಾನಿಗಳ ಫೋನ್ ಗುಂಪಿಗೆ ಉದ್ದುದ್ದ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಒಬ್ಬಳು ಬಾಯಲ್ಲಿ ಹತ್ತಿ ತುಂಬಿಕೊಂಡು ಹಾಡುತ್ತಾಳೆ. ಇನ್ನೊಂದು ತಂಡದ ಡ್ರಮ್ಸಿನವನು ಹಾಸಿಗೆ ಕೊಡವುತ್ತಾನೆ. ಎದುರಿಗೆ ತೂಗುವ ಕಂಚಿನ ತಟ್ಟೆ ಮುಟ್ಟಲು ಅವನಪ್ಪನ ಗಂಟೇನು ಹೋಗುತ್ತದೆ? ಮೊದಮೊದಲು ಗುಂಪಿನವರು ನಕ್ಕರು, ಆಮೇಲೆ ಜಗಳವಾಡಿದರು, ಈಚೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದರು.

ಉಳಿದವನು ಬಾಮೈದ ಒಬ್ಬನೇ. ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಇಬ್ಬರ ಸ್ನೇಹ ಮದುವೆಯ ಸಂಬಂಧಕ್ಕಿಂತ ಹಳೆಯದು. ಒಂದೇ ತಂಡದ ಹುಚ್ಚು ಹತ್ತಿಸಿಕೊಂಡು ಹುಡುಗರಾಗಿ ಗಂಟುಬಿದ್ದವರು. “ಭಾವ ಮೊದಲು ಒಪ್ಪಿದ್ದು ನನ್ನನ್ನ, ಆಮೇಲೆ ಅಕ್ಕನ್ನ” ಎಂದು ಬಾಮೈದ ಹೇಳಿಕೊಂಡು ತಿರುಗುತ್ತಿದ್ದ.

ಆ ತಂಡ ಎಷ್ಟೋ ವರ್ಷಗಳ ಮೇಲೆ ಹೊಸ ಆಲ್ಬಮ್ ತಂದಾಗ ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದು ಕೇಳಲು ಕೂತರು. ಮೂರನೆಯ ಹಾಡಿಗೆ ಬಾಮೈದನ ಕಣ್ಣು ತೇವವಾಯಿತು.

“ಆ ಮೇಲಿನ ಗಿಟಾರು ಕೇಳಿದ್ರಾ ಭಾವ?”

“ಯಾವ ಗಿಟಾರು?”

“ಈಗ ಬಂತಲ್ಲ, ತೆಳ್ಳಗೆ, ದಾರದ ಥರ.”

“ಎಲ್ಲಿ ಬಂತು? ಕಂಬಳಿ ಹೊದ್ದುಕೊಂಡು ನುಡಿಸಿದ್ದಾರೆ. ಇಲ್ಲದ್ದನ್ನ ಕೇಳಿಸ್ಕೊಂಡು ಅಳೋ ಕಿವುಡ ನೀನೊಬ್ಬನೇ ಇರಬೇಕು.”

ಬಾಮೈದ ಹಾಡು ನಿಲ್ಲಿಸಿದ. “ಇನ್ನೊಬ್ಬರು ಖುಷಿಯಾಗಿದ್ರೆ ನಿಮಗೆ ಅರಗಲ್ಲ” ಎಂದು ಬಾಗಿಲು ಪೂರಾ ಮೇಲೆತ್ತಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈ ಸುದ್ದಿ ಹೆಂಡತಿಗೆ ಮುಟ್ಟಲು ಸ್ವಲ್ಪ ದಿನ ಹಿಡಿಯಿತು. ಮುಟ್ಟಿದ ಮೇಲೆ ಅವಳು ಸುಮ್ಮನಿರಲಿಲ್ಲ. “ನನ್ನ ತಮ್ಮನ್ನ ಕಿವುಡ ಅಂದ್ರಂತೆ. ಬೆಳಿಗ್ಗೆ ಹಾಲಿನವನು ಅಷ್ಟು ಹೊತ್ತು ಬೆಲ್ ಒತ್ತಿದ, ನೀವು ಬಾಗಿಲ ಪಕ್ಕದಲ್ಲೇ ಪೇಪರ್ ಓದ್ತಿದ್ರಿ.”

“ಬೆಲ್ ಕೆಟ್ಟಿದೆ.”

“ಬೆಲ್ಲೂ ಕೆಟ್ಟಿದೆ, ಹೊಸ ಹಾಡೂ ಕೆಟ್ಟಿದೆ, ನಾನು ಗೊಣಗ್ತೀನಂತೆ, ನನ್ನ ಬಾಯೂ ಕೆಟ್ಟಿದೆ. ಲೋಕವೆಲ್ಲ ಕೆಟ್ಟು ನಿಮ್ಮ ಕಿವಿ ಒಂದೇ ನೆಟ್ಟಗಿದ್ಯೇನ್ರೀ?”

ಅವಳ ಬಾಯಿ ಮುಚ್ಚಿಸಲೆಂದೇ ಅವನು ಕಿವಿಯ ಪರೀಕ್ಷೆಗೆ ಹೋದ. ದಪ್ಪ ಬಾಗಿಲಿನ ಪುಟ್ಟ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು ಎಂದಳು ಪರೀಕ್ಷೆ ಮಾಡುವವಳು. ಮೊದಲು ಗುಂಯ್ ಎನ್ನುವ ದಪ್ಪ ಸದ್ದುಗಳು ಬಂದವು, ಗತ್ತಿನಿಂದ ಒತ್ತಿದ. ಆಮೇಲೆ ಏನೂ ಇಲ್ಲ. ಗಾಜಿನಾಚೆ ಅವಳ ಬೆರಳುಗಳು ಆಡುತ್ತಲೇ ಇದ್ದವು. ಕೊನೆಗೆ ಬಾಗಿಲು ತೆರೆದುಕೊಂಡಿತು.

“ಮುಂದಿನದು ಯಾವಾಗ ಶುರು ಮಾಡ್ತೀರಿ?” ಎಂದ.

“ಮುಗೀತಲ್ಲ” ಎಂದಳು.

ಅವಳು ಕಾಗದದ ಮೇಲೆ ತೋರಿಸಿದ ಗೆರೆ ಸ್ವಲ್ಪ ದೂರ ನೆಟ್ಟಗೆ ನಡೆದು, ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಯಂತ್ರದ ಗದ್ದಲ ವರ್ಷಗಟ್ಟಲೆ ಬಡಿದು ತೆಳುದನಿಗಳೆಲ್ಲ ಹೋಗಿವೆ ಎಂದಳು.

“ಹಳೇ ಹಾಡುಗಳು ಚೆನ್ನಾಗೇ ಕೇಳ್ತಾವಲ್ಲ?” ಅವನ ದನಿ ವಾದದ್ದೇ.

“ಅವು ನಿಮಗೆ ಬಾಯಿಪಾಠ. ಕಿವಿ ಬಿಟ್ಟಿದ್ದನ್ನ ನೆನಪು ತುಂಬಿಕೊಡುತ್ತೆ. ಹೊಸದಕ್ಕೆ ತುಂಬೋಕೆ ಅದರ ಹತ್ರ ಏನಿರುತ್ತೆ, ಹೇಳಿ.”

ಮನೆಗೆ ಬರುವ ದಾರಿಯಲ್ಲಿ ಅವನಿಗೆ ಬಂದದ್ದು ದುಃಖವಲ್ಲ, ಸಿಟ್ಟು. ಗುಂಪಿಗೆ ಕಳಿಸಿದ್ದ ಒಂದೊಂದು ಮಾತೂ ತಿರುಗಿ ಬಂದು ಮುಖಕ್ಕೆ ರಾಚಿತು. ಬಾಯಲ್ಲಿ ಹತ್ತಿ ಇಟ್ಟುಕೊಂಡವಳ ಹೆಸರು ನೆನಪಾಗಿ ರಸ್ತೆಯಲ್ಲೇ ನಾಚಿಕೆಯಾಯಿತು.

ಕಿವಿಗೆ ಯಂತ್ರ ಕೂತ ಮೊದಲ ದಿನ ಅವನು ಸಿಡಿಮಿಡಿಗೊಂಡೇ ಕಳೆದ. ಪೇಪರ್ ಮಡಿಸಿದರೆ ಬೆಂಕಿ ಹತ್ತಿದಂತೆ ಚಟಪಟ, ನಲ್ಲಿ ಬಿಟ್ಟರೆ ಎಣ್ಣೆ ಸಿಡಿದಂತೆ ಚುರುಚುರು. ಎರಡನೆಯ ದಿನ ಬಾಗಿಲು ಹಾಕಿಕೊಂಡು ಆ ಆಲ್ಬಮ್ ಹಚ್ಚಿದ. ಮೂರನೆಯ ಹಾಡು ಬಂತು. ಗಿಟಾರು ಇತ್ತು. ದಾರದಷ್ಟೇ ತೆಳ್ಳಗೆ, ಹಾಡಿನ ಈ ತುದಿಯಿಂದ ಆ ತುದಿಯವರೆಗೆ. ಮುಗಿದ ಮೇಲೂ ಅವನು ಕೂತಲ್ಲಿಂದ ಏಳಲಿಲ್ಲ. ಊಟಕ್ಕೆ ಕರೆಯಲು ಬಾಗಿಲು ತಳ್ಳಿದ ಹೆಂಡತಿ ಹಾಗೇ ಹಿಂದಕ್ಕೆ ಹೋದಳು.

ಮರುದಿನ ಕೆಲಸ ಬಿಟ್ಟವನು ನೇರ ಅಂಗಡಿಗೆ ಹೋದ. ಬಾಮೈದ ಗಾಜು ಕೊಯ್ಯುತ್ತಿದ್ದ. ತಲೆಯೆತ್ತಿ ಅವನ ಕಿವಿ ನೋಡಿದ, ಮುಖ ನೋಡಿದ.

“ಅಕ್ಕ ಹೇಳಿದ್ಲು” ಎಂದ.

“ಗಿಟಾರು ಇದೆ ಕಣೋ.”

“ಹೂಂ.”

“ಕಿವುಡ ನಾನೇ. ಅವತ್ತು ಹಾಗನ್ನಬಾರದಿತ್ತು.”

ಬಾಮೈದ ಗಾಜಿನ ಪುಡಿಯನ್ನು ಕುಂಚದಿಂದ ಒತ್ತಟ್ಟಿಗೆ ಸರಿಸುತ್ತ ಕೇಳಿದ: “ಮಿಕ್ಕ ಹಾಡುಗಳು?”

ಅವನು ತುಟಿ ಕಚ್ಚಿದ. ಸಂಧಾನಕ್ಕೆ ಬಂದವನು ಒಂದು ಸುಳ್ಳು ಹೇಳಬಹುದಿತ್ತು.

“ಮಿಕ್ಕಿದ್ದು ಈಗ್ಲೂ ದರಿದ್ರವಾಗೇ ಇದೆ. ಮುಂಚೆ ಹಾಡಿನ ಮಾತು ಸರಿಯಾಗಿ ಕೇಳ್ತಿರಲಿಲ್ಲ, ಅದೇ ಪುಣ್ಯ. ಆರನೇ ಹಾಡು ಬರೆದವನಿಗೆ ಪೆನ್ನು ಕೊಟ್ಟೋರ್ಯಾರು?”

“ಆರನೇದಾ? ಆಲ್ಬಮ್ಮಿಗೆ ಅದೇ ಕಳಶ ಭಾವ.”

“ಹಾಂ?”

“ಕಳಶ ಅಂದೆ.”

“ಏನಂದೆ?” ಅವನು ಎಡಗಡೆಯಿದ್ದ ಬಾಮೈದನತ್ತ ಮುಖವನ್ನು ಪೂರಾ ತಿರುಗಿಸಿದ. ಎಡಗಿವಿ ಯಂತ್ರ ಹಾಕಿದರೂ ಅಷ್ಟಕ್ಕಷ್ಟೇ ಆಗಿತ್ತು.

ಬಾಮೈದ ಕುಂಚ ಕೆಳಗಿಟ್ಟ. ತನ್ನ ಸ್ಟೂಲು ಎತ್ತಿಕೊಂಡು, ಮೇಜನ್ನು ಸುತ್ತಿ ಬಂದು, ಭಾವನ ಬಲಗಡೆ ಹಾಕಿಕೊಂಡು ಕೂತ.