ಎರಡು ಸಾಲಿನ ಜಾಗ

ಇಬ್ಬರು ಹೊಲಿಗೆ ಯಂತ್ರವನ್ನು ಎತ್ತಿ ಜಗುಲಿಗೆ ಸಾಗಿಸುತ್ತಿದ್ದರು. ತೀರ್ಥಪ್ಪ ಅವರ ದಾರಿಗೆ ಅಡ್ಡವಾಗಿ ಕುಕ್ಕರಗಾಲಿನಲ್ಲಿ ಕುಳಿತು, ಬಿಳಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

“ಭಾವ, ಒಸಿ ಏಳಿ. ಅಕ್ಕನ್ನ ಕೂರ್ಸೋಕೆ ಜಾಗ ಮಾಡ್ತಾವ್ರೆ,” ಎಂದ ಕಲ್ಲೇಶ್. ಅವನು ಸತ್ತವಳ ತಮ್ಮ. ಬುಕ್ಕಾಂಬುಧಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಬಂದ ಗಳಿಗೆಯಿಂದಲೂ ಎಲ್ಲದರ ಉಸ್ತುವಾರಿ ತನ್ನದೆಂಬಂತೆ ಓಡಾಡುತ್ತಿದ್ದ.

“ಕೂರ್ಸಿ. ನಾನೇನು ಬ್ಯಾಡ ಅಂದ್ನಾ?”

“ಬಣ್ಣ ಯಾಕೀಗ?”

“ಹೆಸರು ಬರೀಬೇಕು.”

“ಸಮಾಧಿ ಕಲ್ಲಿಗಾ? ಅದಕ್ಕಿನ್ನೂ ಟೈಮ್ ಐತೆ ಭಾವ. ಹನ್ನೊಂದು ದಿನ ಕಳೀಲಿ.”

“ಕಲ್ಲಿಗಲ್ಲ ಕಣೋ. ದೋಣಿಗೆ.”

ಕಲ್ಲೇಶ್ ಸುತ್ತ ನಿಂತವರ ಮುಖ ನೋಡಿದ. ನಿನ್ನೆ ಸಂಜೆ ರವಿಕೆಯೊಂದಕ್ಕೆ ಕಾಜಾ ಹೊಲಿಯುತ್ತಿದ್ದ ತೀರ್ಥಪ್ಪನ ಹೆಂಡತಿ ದಾಕ್ಷಾಯಣಮ್ಮ ಹಾಗೆಯೇ ಯಂತ್ರದ ಮೇಲೆ ತಲೆಯಿಟ್ಟುಬಿಟ್ಟಿದ್ದಳು. ಹಾಗೆ ಹೆಂಡತಿಯನ್ನು ಕಳೆದುಕೊಂಡ ಗಂಡಸು ಮಾರನೆಯ ಬೆಳಿಗ್ಗೆ ಏನು ಮಾಡಿದರೂ ಜನ ಸಹಿಸಿಕೊಳ್ಳುತ್ತಾರೆ.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ದಾಕ್ಷಾಯಣಮ್ಮನಿಗೆ ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಯಂತ್ರವಿದ್ದ ಜಾಗದಲ್ಲೇ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಮೂವತ್ತೆಂಟು ವರ್ಷ ಅವಳು ಕುಳಿತದ್ದು ಅಲ್ಲಿಯೇ. ಆದರೆ ಯಾವಾಗಲೂ ಕತ್ತು ಬಗ್ಗಿಸಿ. ಹೀಗೆ ತಲೆಯೆತ್ತಿ ಬಾಗಿಲಿನ ಕಡೆಗೆ ನೋಡುತ್ತ ಕುಳಿತದ್ದನ್ನು ತೀರ್ಥಪ್ಪ ಕಂಡಿರಲಿಲ್ಲ.

ಅವನು ಕಪಾಟಿನ ಮೇಲಿಂದ ದೋಣಿಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡ. ಒಂದು ಮೊಳ ಉದ್ದ, ಎರಡು ಕಂಬ, ರವಿಕೆ ಲೈನಿಂಗಿನ ಬಟ್ಟೆಯ ಹಾಯಿ. ಎಲ್ಲವೂ ಮುಗಿದಿತ್ತು. ಹಿಂಬದಿಯ ಹಲಗೆಯಲ್ಲಿ, ನಾಲ್ಕು ಬೆರಳಗಲದ ಜಾಗ ಮಾತ್ರ ಖಾಲಿಯಿತ್ತು. ಅಲ್ಲಿ ಹೆಸರು ಬರೆಯಬೇಕೆಂದು ಅವಳು ಕೇಳಿದ್ದಳು. ಮೂರು ಗಂಟೆಗೆ ಎತ್ತುತ್ತಾರೆ. ಅವಳು ಹೊಸ್ತಿಲು ದಾಟುವುದರೊಳಗೆ ಬರೆದುಬಿಡಬೇಕು. ಆದರೆ ಆ ಹೆಸರು ಏನೆಂಬುದೇ ಅವನಿಗೆ ಗೊತ್ತಿರಲಿಲ್ಲ.

*

ಹದಿನಾಲ್ಕು ತಿಂಗಳ ಹಿಂದೆ ಮಗಳು ಗಾನವಿ ತಾಯಿಗೆಂದು ಮೊಬೈಲಿನಲ್ಲಿ ತರಿಸಿದ್ದು ನೂಲಿನ ಉಂಡೆಗಳನ್ನು ಜೋಡಿಸಿಡುವ ಮರದ ಪೆಟ್ಟಿಗೆಯನ್ನು. ಬಂದದ್ದು ಬೇರೆ, ಪುಟ್ಟ ಹಡಗು ಕಟ್ಟುವ ಸಾಮಾನು. ತೆಳ್ಳನೆಯ ಮರದ ಪಟ್ಟಿಗಳು, ಮೀನಿನ ಮುಳ್ಳಿನಂಥ ಚೂರುಗಳು, ದಾರದ ಸುರುಳಿ, ಅಳತೆಯ ಗೆರೆಗಳಿದ್ದ ಹಾಳೆಗಳು, ಚಿತ್ರಗಳೇ ತುಂಬಿದ ಒಂದು ಪುಸ್ತಕ. ವಾಪಸು ಒಯ್ಯುತ್ತೇನೆಂದ ಕೊರಿಯರಿನವನು ಮತ್ತೆ ಇವರ ಊರು ಅಜ್ಜಂಪುರದ ಕಡೆ ತಲೆ ಹಾಕಲಿಲ್ಲ. ಇಪ್ಪತ್ತು ದಿನ ಡಬ್ಬ ಮಂಚದ ಕೆಳಗೆ ಬಿದ್ದಿತ್ತು.

ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ಅದನ್ನು ಎಳೆದು, ಹಾಳೆಗಳನ್ನು ನೆಲದ ಮೇಲೆ ಹರವಿ ನೋಡಿದಳು.

“ಕಟಿಂಗ್ ಮಾಡಿ ಕಳ್ಸವ್ರೆ ರೀ. ಅಳತೇನೂ ಅವ್ರೇ ಹಾಕವ್ರೆ. ಅಂಚು ಕತ್ತರ್ಸಿ ಹೊಲಿಯೋದೊಂದೇ ಬಾಕಿ.”

“ಹಡಗು ಹೊಲೀತೀಯೇನೆ? ಎಲ್ಲಿ ಬಿಡ್ತೀಯ, ಬಚ್ಚಲಲ್ಲಾ?”

“ಬಿಡೋಕೇ ಅಂತ ಎಲ್ಲಾನೂ ಮಾಡ್ತಾರಾ?”

ಅವಳು ಅಂಗಡಿಯ ಸಾಮಾನಿನಿಂದಲೇ ಕೆಲಸ ಆರಂಭಿಸಿದಳು. ಪಟ್ಟಿಗಳನ್ನು ಬಾಗಿಸಲು ಇಡ್ಲಿ ಪಾತ್ರೆಯ ಹಬೆ, ಅಂಟು ಹಿಡಿಯುವ ತನಕ ಅದುಮಲು ಬಟ್ಟೆ ಒಣಹಾಕುವ ಕ್ಲಿಪ್ಪು, ಗುರುತಿಗೆ ಸೀಮೆಸುಣ್ಣ. ಬೆನ್ನುಮೂಳೆಯಂಥ ಒಂದು ಕೋಲಿಗೆ ಪಕ್ಕೆಲುಬುಗಳು ನಿಂತವು. ಆಮೇಲೆ ಅದರ ಮೇಲೆ ಪಟ್ಟಿ ಹೊದಿಸುವ ಕೆಲಸ. ಒಂದು ತಿಂಗಳು ಒಂದೊಂದಾಗಿ ಕೂರಿಸುತ್ತ ಹೋದಂತೆ ದೋಣಿಯ ಹೊಟ್ಟೆ ಉಬ್ಬತೊಡಗಿತು. ಒಂದು ಪಟ್ಟಿ ಇನ್ನೊಂದರ ಮೇಲೆ ಏರಿ ಕುಳಿತಿತು. ಎಲ್ಲಿ ತಪ್ಪಾಯಿತೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ತೀರ್ಥಪ್ಪನೇ ಹಾಳೆಯನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ ಗಹಗಹಿಸಿ ನಕ್ಕ. ಗೆರೆಗೆ ಸರಿಯಾಗಿ ಕತ್ತರಿಸಬೇಕಾದಲ್ಲಿ, ಪ್ರತಿಯೊಂದು ಪಟ್ಟಿಗೂ ಅವಳು ಅಂಚಿನಲ್ಲಿ ಅರ್ಧ ಬೆರಳು ಹೆಚ್ಚು ಬಿಟ್ಟಿದ್ದಳು. ರವಿಕೆಗೆ ಒಳಗೆ ಬಟ್ಟೆ ಬಿಡುವಂತೆ.

“ಮುಂದಿನ ವರ್ಷ ನಿನ್ ಹಡಗು ದಪ್ಪ ಆಯ್ತದೇನೆ, ಬಿಚ್ಚಿ ಹೊಲಿಯೋಕೆ?”

ಅವಳಿಗೂ ನಗು ಬಂದಿತು. ಆದರೆ ಕಣ್ಣಲ್ಲಿ ನೀರೂ ಇತ್ತು.

“ಎಲ್ಲಾರ ಮೈಗೂ ಬಿಟ್ಟು ಬಿಟ್ಟು ಕೈ ಹಂಗೇ ಕೂತ್ಬಿಟ್ಟೈತೆ ರೀ. ಮರ ದಪ್ಪ ಆಗಲ್ಲ ಅಂತ ಕೈಗೆ ಯಾರು ಹೇಳ್ಬೇಕು?”

ಮಾರನೆಯ ದಿನ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಅಂಟನ್ನು ಸಡಿಲಗೊಳಿಸಿ, ಹೊದಿಸಿದ್ದ ಅಷ್ಟೂ ಪಟ್ಟಿಗಳನ್ನು ಬಿಚ್ಚಿದಳು. ಉಪ್ಪುಕಾಗದದಿಂದ ಉಜ್ಜಿ ಗೆರೆಗೆ ತಂದು, ಮತ್ತೆ ಮೊದಲಿನಿಂದ ಕಟ್ಟಿದಳು.

*

“ಹೆಸರಾ? ನಂಗೇನೂ ಹೇಳಿಲ್ಲ ಅಪ್ಪಾ,” ಎಂದಳು ಗಾನವಿ. ಕಡೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಅವಳಿಗೆ. “ಅಮ್ಮನ ಹೆಸರೇ ಬರೀರಿ. ಅದಕ್ಕಿಂತ ಇನ್ನೇನು ಬೇಕು?”

“ಅವಳು ಹಂಗಂತ ಹೇಳಿದ್ಲಾ?”

“ಇಲ್ಲ.”

ಬಾಗಿಲ ಬಳಿ ಭಜನೆಯವರಿಗೆ ಚಾಪೆ ಹಾಸುತ್ತಿದ್ದ ಕಲ್ಲೇಶ್ ಅಲ್ಲಿಂದಲೇ ಕೂಗಿದ: “ಬುಕ್ಕಾಂಬುಧಿ ಅಂತ ಬರೀರಿ ಭಾವ! ಅಕ್ಕ ಹುಟ್ಟಿದ್ದು ಆ ಕೆರೆ ದಡದಾಗೆ. ಅಂಬುಧಿ ಅಂದ್ರೇ ಸಮುದ್ರ. ಹಡಗಿಗೆ ಇನ್ನೇನ್ ಬೇಕು?”

“ಅವಳು ಹೇಳಿದ್ಲಾ ನಿಂಗೆ?”

“ಹೇಳ್ಬೇಕಾ? ನಾನು ತಮ್ಮ ಅಲ್ವಾ?”

“ನಮ್ಮೋರು ಅಂತ ಕೇಳ್ದೇನೇ ಬಿಡ್ತೀವಲ್ಲ, ಅಲ್ಲೇ ತಪ್ಪೋದು,” ಎಂದ ತೀರ್ಥಪ್ಪ.

ಭಜನೆಯ ಹಿರಿಯನೊಬ್ಬ ತಾಳವನ್ನು ಒರೆಸಿಕೊಳ್ಳುತ್ತ, ದೇವರ ಹೆಸರಿಗಿಂತ ದೊಡ್ಡದು ಯಾವುದಿದೆ, ಸಿದ್ಧರಾಮೇಶ್ವರ ಪ್ರಸನ್ನ ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ ಎಂದ. ಬೋರ್ಡು ಬರೆಯುತ್ತಿದ್ದ ತೀರ್ಥಪ್ಪ ನಲವತ್ತು ವರ್ಷ ಲಾರಿಗಳ ಹಣೆಯ ಮೇಲೆ ಬರೆದದ್ದು ಅದನ್ನೇ.

ಗಾನವಿ ಡಬ್ಬದಲ್ಲಿದ್ದ ಪುಸ್ತಕವನ್ನು ಹುಡುಕಿ ತಂದಳು. ಕೊನೆಯ ಚಿತ್ರದಲ್ಲಿ ದೋಣಿಯ ಹಿಂಬದಿ ಇತ್ತು. ಅದರ ಮೇಲೆ ದಪ್ಪ ಅಕ್ಷರದ ಒಂದು ಸಾಲು, ಕೆಳಗೆ ಸಣ್ಣ ಅಕ್ಷರದ ಇನ್ನೊಂದು.

“ಮೇಲಿಂದು ಹಡಗಿನ ಹೆಸರು. ಕೆಳಗಿಂದು ಅದು ಯಾವ ಊರಿಗೆ ಸೇರಿದ್ದೋ ಆ ಊರು. ಎಲ್ಲಿಗೇ ಹೋದ್ರೂ ಅಲ್ಲಿಗೇ ವಾಪಸ್ ಬರ್ಬೇಕಲ್ಲ, ಅದಕ್ಕೆ,” ಎಂದಳು ಗಾನವಿ.

ತೀರ್ಥಪ್ಪ ಸೀಮೆಸುಣ್ಣದಿಂದ ಹಲಗೆಯ ಮೇಲೆ ಎರಡು ಸಾಲಿಗೆ ಗೆರೆ ಎಳೆದ. ಕುಂಚವನ್ನು ಅದ್ದಿ, ಡಬ್ಬಿಯ ಕಂಠಕ್ಕೆ ಒರೆಸಿ, ಮೇಲಿನ ಸಾಲಿನ ಬಳಿ ಹಿಡಿದ. ಹಾಗೆಯೇ ಹಿಡಿದುಕೊಂಡಿದ್ದ. ಒಂದು ಹನಿ ಅವನ ಪಂಚೆಯ ಮೇಲೆ ಬಿದ್ದಿತು.

*

ಕಾರ್ತಿಕದ ಒಂದು ಸಂಜೆ ಅವಳು ದೋಣಿಯನ್ನೂ ಅವನ ಹಳೆಯ ಕುಂಚವನ್ನೂ ತಂದು ಮುಂದಿಟ್ಟಿದ್ದಳು.

“ಎರಡು ಸಾಲು ಬರ್ದುಕೊಡ್ರಿ.”

“ಫ್ಲೆಕ್ಸಿನೋರ ಹತ್ರ ಹೋಗು. ಐದು ನಿಮಿಷದಾಗೆ ಮಾಡ್ಕೊಡ್ತಾರೆ.”

“ನಂಗೆ ನಿಮ್ಮ ಅಕ್ಷರ ಬೇಕು. ಊರಿಗೆಲ್ಲಾ ಬೋರ್ಡ್ ಬರ್ದ್ರಿ, ನನ್ನ ಅಂಗಡಿಗೊಂದು ಬರೀಲಿಲ್ಲ. ಇದನ್ನಾದ್ರೂ ಬರೀರಿ.”

“ಹೆಸರೇನು?”

“ನೀವು ಕೂತ್ಕೊಳ್ರಿ, ಆಮೇಲೆ ಹೇಳ್ತೀನಿ.”

“ನಾಳೆ ನೋಡಾಣ ಬಿಡು.”

ಫ್ಲೆಕ್ಸು ಬಂದು ಕೆಲಸ ಹೋಯಿತೆಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಅದು ಅರ್ಧ ಸತ್ಯ. ಆರು ವರ್ಷಗಳ ಹಿಂದೆ ಚೌಳಹಿರಿಯೂರಿನ ಕಲ್ಯಾಣಮಂಟಪವೊಂದರ ಗೋಡೆಗೆ ಏಣಿ ಹಾಕಿ ನಿಂತಿದ್ದಾಗ, ಒಂದು ನೇರ ಗೆರೆ ಅವನ ಕುಂಚದ ಕೆಳಗೆ ಹಾವಿನಂತೆ ಹೊರಳಿತ್ತು. ಒರೆಸಿ ಮತ್ತೆ ಎಳೆದ, ಮತ್ತೆ ಹೊರಳಿತು. ಬಿಸಿಲು ಜಾಸ್ತಿ ಎಂದು ಹೇಳಿ ಇಳಿದು ಬಂದವನು ಮತ್ತೆ ಏಣಿ ಹತ್ತಲಿಲ್ಲ. ಅಂದಿನಿಂದ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಕೇಳಿದರೆ, ಚಳಿ ಎನ್ನುತ್ತಿದ್ದ. ಬೇಸಿಗೆಯಲ್ಲೂ ಚಳಿ ಎಂದ ಮೇಲೆ ಅವಳು ಕೇಳುವುದನ್ನು ಬಿಟ್ಟಿದ್ದಳು.

ನಾಳೆ ಎಂಬ ಮಾತನ್ನು ಅವನು ಆ ಸಂಜೆಯ ನಂತರ ಎಷ್ಟು ಸಲ ಹೇಳಿದನೋ, ಅಷ್ಟು ಸಲವೂ ಅವಳು ದೋಣಿಯನ್ನು ಮೇಲಿಟ್ಟು, “ಆಗ್ಲಿ, ನಾಳೆ” ಎಂದಿದ್ದಳು.

*

“ಅಣ್ಣಾ, ಆ ಬ್ರಷ್ ಒಸಿ ಕೆಳಗಿಡಿ.”

ಕಾಂತಮ್ಮ ಅವನ ಪಕ್ಕದಲ್ಲಿ ಬಂದು ಕುಳಿತಳು. ಇಪ್ಪತ್ತು ವರ್ಷ ದಾಕ್ಷಾಯಣಮ್ಮನ ಎದುರು ಕುಳಿತು ರವಿಕೆಗೆ ಹುಕ್ಕು ಹಾಕಿ, ಸೀರೆಗೆ ಫಾಲ್ಸು ಹೊಲಿದವಳು ಅವಳು. ಭಜನೆ ಜೋರಾಗಿದ್ದುದರಿಂದ ಅವಳ ಮಾತು ಅವನೊಬ್ಬನಿಗೇ ಕೇಳಿತು.

“ಅಕ್ಕಂಗೆ ಗೊತ್ತಿತ್ತು.”

“ಏನು?”

“ನಿಮ್ ಕೈ. ಸೂಜಿಗೆ ದಾರ ಪೋಣ್ಸೋರಿಗೆ ಕೈ ನಡುಗೋದು ಗೊತ್ತಾಗಲ್ವಾ?”

ತೀರ್ಥಪ್ಪ ಹೆಂಡತಿಯ ಕಡೆಗೆ ನೋಡಿದ. ಯಾರೋ ಅವಳ ಕೊರಳಿಗೆ ಇನ್ನೊಂದು ಹಾರ ಹಾಕುತ್ತಿದ್ದರು.

“ಗೊತ್ತಿದ್ದೂ ಬರೀ ಅಂದ್ಲಾ?”

“ಆ ಡಬ್ಬದಾಗೆ ಹಿತ್ತಾಳೆ ಅಕ್ಷರ ಇದ್ವು ಅಣ್ಣಾ, ಅಂಟಿಸೋವು. ಯಾವ್ದೋ ಇಂಗ್ಲಿಷ್ ಹೆಸರು. ಅಕ್ಕ ಅದನ್ನ ಪೊಟ್ಣ ಕಟ್ಟಿ, ಹಳೇ ಪಾತ್ರೆಯೋನಿಗೆ ಹಾಕ್ಬಿಡು ಅಂತ ನನ್ ಕೈಗೆ ಕೊಟ್ಲು. ‘ಇದನ್ನ ಕಂಡ್ರೆ ಇದನ್ನೇ ಅಂಟ್ಸು ಅಂತಾರೆ, ಬ್ರಷ್ ಮುಟ್ಟೋದೇ ಇಲ್ಲ ಕಣೇ’ ಅಂದ್ಲು. ಅಂಕುಡೊಂಕಾದ್ರೆ ಆಗ್ಲಿ, ನನ್ ದೋಣಿ ಏನ್ ನೆಟ್ಟಗೈತಾ ಅಂದ್ಲು.”

ಅವನು ಕುಂಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿಟ್ಟ. ಆಮೇಲೆ ಕೇಳಿದ: “ಹೆಸರು?”

“ನಂಗೂ ಹೇಳ್ಲಿಲ್ಲ. ಎರಡು ಸಲ ಕೇಳ್ದೆ. ‘ಅವ್ರು ಕೂತ ದಿನ ಅವ್ರಿಗೇ ಮೊದ್ಲು ಹೇಳೋದು, ಹೋಗೇ ನೀನು’ ಅಂದ್ಲು.”

ಅಷ್ಟರಲ್ಲಿ ಮಠದ ಅಯ್ಯನವರು ಬಂದರು. ಜನ ಎದ್ದು ದಾರಿ ಬಿಟ್ಟರು. ಮಂತ್ರ ಹೇಳಿ, ರೂಢಿಯಂತೆ ಅವಳ ತಲೆಯ ಮೇಲೆ ಪಾದವಿಟ್ಟು, ಹೊತ್ತು ಮೀರುತ್ತಿದೆ ಎಂದರು. ಬಿದಿರು ಕಟ್ಟಿ ಬಾಳೆದಿಂಡು, ಚೆಂಡುಹೂಗಳಿಂದ ಸಿಂಗರಿಸಿದ ವಿಮಾನ ಬಾಗಿಲಿಗೆ ಬಂದಿತ್ತು. ಅವಳನ್ನು ಎತ್ತಿ ಅದರಲ್ಲಿ ಕೂರಿಸುವಾಗಲೂ ತೀರ್ಥಪ್ಪನ ಮಡಿಲಲ್ಲಿ ದೋಣಿ ಹಾಗೆಯೇ ಇತ್ತು. ಅವಳು ಹೊಸ್ತಿಲು ದಾಟಿದಳು. ಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳ ಹೊರತು ಏನೂ ಇರಲಿಲ್ಲ.

ಅವನು ದೋಣಿಯನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದ.

“ಅದನ್ಯಾಕೆ ಭಾವ ಮಣ್ಣಿಗೆ ತರ್ತೀರಿ? ನೋಡ್ದೋರು ಏನಂದಾರು?” ಎಂದ ಕಲ್ಲೇಶ್.

“ಬಣ್ಣದ ಡಬ್ಬಿ ಹಿಡ್ಕೊಳೇ,” ಎಂದು ತೀರ್ಥಪ್ಪ ಮಗಳಿಗೆ ಹೇಳಿದ.

ಪೇಟೆಬೀದಿಯಲ್ಲಿ ಅವಳು ಎಲ್ಲರ ತಲೆಗಳಿಗಿಂತ ಮೇಲೆ ಕುಳಿತು ಸಾಗಿದಳು. ಅಂಗಡಿಯವರು ಹೊರಗೆ ಬಂದು ಕೈಮುಗಿದರು. ಅವಳು ಹೊಲಿದ ರವಿಕೆ ತೊಟ್ಟ ಹೆಂಗಸರು ಮಹಡಿಗಳಿಂದ ನೋಡಿದರು. ಅರ್ಧ ದಾರಿಯಲ್ಲಿ ವಿಮಾನವನ್ನು ಒಮ್ಮೆ ಇಳಿಸುವುದು ರೂಢಿ. ಊರು ಮುಗಿದು ತರೀಕೆರೆಯ ರಸ್ತೆ ತಿರುಗುವಲ್ಲಿ ಇಳಿಸಿದರು. ಹೊತ್ತವರು ಹೆಗಲು ಬದಲಿಸಲು, ಬೆವರೊರೆಸಿಕೊಳ್ಳಲು ಪಕ್ಕಕ್ಕೆ ಸರಿದರು.

ತೀರ್ಥಪ್ಪ ಹೋಗಿ ಅವಳ ಎದುರಿಗೆ, ರಸ್ತೆಯ ಮೇಲೆಯೇ ಚಕ್ಕಂಬಕ್ಕಳ ಹಾಕಿ ಕುಳಿತ. ಗಾನವಿ ಡಬ್ಬಿ ಹಿಡಿದು ಪಕ್ಕದಲ್ಲಿ ಕುಳಿತಳು.

“ಹೆಸರು ಸಿಕ್ತಾ ಭಾವ?” ಕಲ್ಲೇಶನ ದನಿಯಲ್ಲಿ ಈಗ ಗದರಿಕೆ ಇರಲಿಲ್ಲ.

“ಇಲ್ಲ.”

“ಮತ್ತೇನು ಬರೀತೀರಿ?”

“ಗೊತ್ತಿರೋದ್ನ.”

ಅವನು ಮೇಲಿನ ಸಾಲನ್ನು ಬಿಟ್ಟು ಕುಂಚವನ್ನು ಕೆಳಗಿನ ಸಾಲಿಗೆ ತಂದ. ಮೊದಲ ಅಕ್ಷರದ ಸುರುಳಿಯಲ್ಲೇ ಕೈ ಅದುರಿತು. ಎಲ್ಲರೂ ನೋಡುತ್ತಿದ್ದರು. ಗಾನವಿ ಮಣಿಕಟ್ಟು ಹಿಡಿಯಲು ಕೈ ಚಾಚಿದಳು. ಅವನು ತಲೆಯಾಡಿಸಿ ಬೇಡವೆಂದ. ಹಿಂದೆ ತರೀಕೆರೆಯ ಬಸ್ಸು ಬಂದು ನಿಂತಿತು. ಡ್ರೈವರ್ ಒಮ್ಮೆ ಹಾರನ್ನಿನ ಮೇಲೆ ಕೈಯಿಟ್ಟವನು, ಕಿಟಕಿಯಿಂದ ಬಗ್ಗಿ ನೋಡಿ, ಎಂಜಿನ್ನನ್ನೇ ಆರಿಸಿದ. “ಏನ್ರೀ, ಏನಾಯ್ತು?” ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು. “ಬರೀತಾವ್ರೆ. ತಡೀರಿ,” ಎಂದ ಕಂಡಕ್ಟರ್.

ಅ. ಜ್ಜಂ. ಪು. ರ. ಒಂದು ಅಕ್ಷರ ದಪ್ಪ, ಇನ್ನೊಂದು ಸಣ್ಣ. ಸಾಲು ಬಲಕ್ಕೆ ಇಳಿದಿತ್ತು. ಅವನು ಕುಂಚವನ್ನು ಕೆಳಗಿಟ್ಟು ಹಸಿ ಬಣ್ಣದ ಮೇಲೆ ಮೆಲ್ಲಗೆ ಊದಿದ. ಆಮೇಲೆ ದೋಣಿಯನ್ನು ತಿರುಗಿಸಿ, ಹಿಂಬದಿ ಅವಳಿಗೆ ಕಾಣುವಂತೆ, ಎರಡೂ ಕೈಯಲ್ಲಿ ಅವಳ ಮುಖದ ಮಟ್ಟಕ್ಕೆ ಎತ್ತಿ ಹಿಡಿದ. ಮೇಲಿನ ಸಾಲು ಖಾಲಿಯಿತ್ತು. ದೋಣಿ ಅವನ ಕೈಗಳಲ್ಲಿ ಅತ್ತಿಂದಿತ್ತ ತೂಗುತ್ತಿತ್ತು. ಹೊರುವವರು ಹತ್ತಿರ ಬಂದು ನಿಂತರು; ಯಾರೂ ವಿಮಾನಕ್ಕೆ ಕೈ ಹಚ್ಚಲಿಲ್ಲ.