ಹಣಮವ್ವನ ಬೈಗುಳ ಹಾಡು ಮತ್ತು ಸೋನಾಲಿಯ ಕಂಪ್ಯೂಟರು

ಸನಮಡಿಯ ಹಣಮವ್ವ ಮೆಟ್ಟಿಲು ಹತ್ತಿ ಬಂದವಳೇ ಮೊಬೈಲನ್ನು ಸೋನಾಲಿಯ ಕೀಬೋರ್ಡಿನ ಮೇಲೆ ಕುಕ್ಕಿದಳು.

"ಯವ್ವಾ, ನನ್ನ ದನಿ ಎಲ್ಲೈತಿ? ಡೊಳ್ಳು ಐತಿ, ಪೀಪಿ ಐತಿ, ನಾನs ಇಲ್ಲ. ನಾ ಏನ್ ಸತ್ತೀನೇನ?"

ಸೋನಾಲಿ ಆ ಮೊಬೈಲಿನಲ್ಲೇ ಹಾಡು ಹಚ್ಚಿದಳು. ಡೊಳ್ಳು ಗುಡುಗಿತು, ಪೀಪಿ ಅರಚಿತು. ಹಾಡುವವಳು ಬರಬೇಕಾದ ಜಾಗದಲ್ಲಿ ಬಾವಿಯ ತಳದಲ್ಲಿ ಯಾರೋ ಕೆಮ್ಮಿದಂತಾಗಿ ಅಷ್ಟಕ್ಕೇ ಅಡಗಿತು.

ಸಂಖದಲ್ಲಿ ಅಪ್ಪ ಮಲ್ಲಿನಾಥನ ದನದ ಹಿಂಡಿಯ ಅಂಗಡಿಯ ಮೇಲಿನ ಕೋಣೆಯೇ ಸೋನಾಲಿಯ ಸ್ಟುಡಿಯೊ. ಗೋಡೆಗೆಲ್ಲ ಅಜ್ಜಿಯ ಕಾಲದ ಕೌದಿಗಳನ್ನು ಹೊಡೆದಿದ್ದಳು, ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು. ಮಿರಜಿನಲ್ಲಿ ರೆಕಾರ್ಡಿಂಗ್ ಕಲಿತು ಬಂದಿದ್ದಳು. ಸುತ್ತಲಿನ ಊರುಗಳ ದೇವರಿಗೂ ಪುಢಾರಿಗೂ ಒಂದೇ ಧಾಟಿಯಲ್ಲಿ ಹಾಡು ಮಾಡಿಕೊಡುತ್ತಿದ್ದಳು; ಹೆಸರು ಮಾತ್ರ ಬದಲಾಗುತ್ತಿತ್ತು. ಈವರೆಗೆ ದೇವರಾಗಲಿ ಪುಢಾರಿಯಾಗಲಿ ತಕರಾರು ತೆಗೆದಿರಲಿಲ್ಲ. ತಕರಾರು ತೆಗೆದವಳು ಹಣಮವ್ವನೇ ಮೊದಲು.

ಅವಳದು ಕುರಿ ಮೇಯಿಸುವ ಮನೆತನ. ಮೊಮ್ಮಗಳು ಕಾಜಲ್‌ಳ ಮದುವೆ ಬಾಲಗಾಂವಿಯ ಹುಡುಗನ ಜೊತೆ ಗೊತ್ತಾಗಿತ್ತು. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುವುದು ಅವರಲ್ಲಿ ಹಳೆಯ ಪದ್ಧತಿ, ಮತ್ತು ಆ ಕೆಲಸದಲ್ಲಿ ಹಣಮವ್ವನನ್ನು ಮೀರಿಸಿದವರು ಯಾರೂ ಇರಲಿಲ್ಲ. ಅವಳ ಬಾಯಿಗೆ ಸಿಕ್ಕ ಒಬ್ಬ ಬೀಗ ಊಟ ಬಿಟ್ಟು ಎದ್ದು ಹೋಗಿದ್ದನಂತೆ. ಆದರೆ ಈಗೀಗ ಮದುವೆಗಳಿಗೆ ಡೀಜೇ ಬಂದು, ಅದರ ಅಬ್ಬರದಲ್ಲಿ ಅವಳು ಬೈದದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಕೇಳಿಸದ ಬೈಗುಳ ಬೈದರೇನು ಬಿಟ್ಟರೇನು?

"ಡೀಜೇದ ಮುಂದ ನನ್ನ ಗಂಟಲಾ ನಡಿಯೂದಿಲ್ಲ. ಅದಕ್ಕ ನಾನೂ ಆ ಡಬ್ಬ್ಯಾಗ ಹೊಕ್ಕೊಂಡು ಕುಂದ್ರತೀನಿ" ಎಂದು ಹೋದ ವಾರ ಬಂದು, ಮೈಕಿನ ಮುಂದೆ ಎಲೆ ಅಡಿಕೆ ಉಗುಳಿ, ಒಂದೇ ಉಸಿರಿಗೆ ಹುಡುಗನ ಅಪ್ಪ, ಬೀಗ ಸೋಮನಿಂಗಪ್ಪನ ಮಾನ ಕಳೆದು ಹೋಗಿದ್ದಳು.

ಸೋನಾಲಿ ಈಗ ಹೆಡ್‌ಫೋನ್ ಹಾಕಿಕೊಂಡು ಅದೇ ಫೈಲನ್ನು ಕೇಳಿದಳು. ದನಿ ಖಣಖಣ ಎನ್ನುತ್ತಿತ್ತು. ಮುದುಕಿಯ ಕಿವಿಗೂ ಹಾಕಿದಳು.

"ಹೌದs! ಐತಿ! ಇದರಾಗ ಐತಿ, ಹೊರಗ ಬರೂದಿಲ್ಲ ಅಂತೈತಿ. ನಾಚಿಕಿ ಬಂದೈತೇನ ಅದಕ್ಕ?" ಹಣಮವ್ವ ಹೆಡ್‌ಫೋನ್ ತೆಗೆದು ನೋಡಿದಳು. "ನನಗs ಇಲ್ಲದ ನಾಚಿಕಿ ನನ್ನ ದನಿಗ್ಯಾಕ?"

ಸೋನಾಲಿ ಕಂಪ್ಯೂಟರಿನ ಕಡೆಗೆ ತಿರುಗಿದಳು. ದನಿಯ ಟ್ರ್ಯಾಕ್ ಬಂದ್ ಆಗಿದೆಯೇ ನೋಡಿದಳು, ಇರಲಿಲ್ಲ. ಹಾಡನ್ನು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ ಮೊಬೈಲಿಗೆ ಕಳಿಸಿದಳು. ಡೊಳ್ಳು, ಪೀಪಿ, ಕೆಮ್ಮು. ಫೈಲಿನ ನಮೂನೆ ಬದಲಿಸಿ ಮತ್ತೆ ತೆಗೆದಳು. ಡೊಳ್ಳು, ಪೀಪಿ, ಕೆಮ್ಮು. ಕಳಿಸುವಾಗ ವಾಟ್ಸಪ್ಪು ಕೆಡಿಸುತ್ತಿರಬೇಕೆಂದು ಕೇಬಲ್ ಹಚ್ಚಿ ಹಾಕಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಕೊನೆಗೆ ಅದಕ್ಕೊಂದು ಹೊಡೆತವನ್ನೂ ಹಾಕಿದಳು, ಇದನ್ನು ಮಿರಜಿನಲ್ಲಿ ಕಲಿಸಿರಲಿಲ್ಲ.

ಗದ್ದಲ ಕೇಳಿ ಮಲ್ಲಿನಾಥ ಮೇಲೆ ಬಂದ. "ಅದಕ್ಕೊಂದು ಊದಿನಕಡ್ಡಿ ಬೆಳಗವಾ. ಪೂಜಿ ಮಾಡಿ ಎಷ್ಟ ದಿನಾ ಆತು?"

"ಅಪ್ಪಾ, ನೀ ಕೆಳಗ ಹೋಗು."

"ಬಾಲಗಾಂವಿಯವರು ಮಾಟಾ ಮಾಡಸ್ಯಾರ" ಎಂದು ಹಣಮವ್ವ ತೀರ್ಪು ಕೊಟ್ಟಳು. "ಬೈಸ್ಕೊಳ್ಳೂದು ತಪ್ಪಸಾಕ."

ಸೋನಾಲಿ ಕಣ್ಣು ಮುಚ್ಚಿ ಕೂತಳು. ಫೈಲು ಒಂದೇ. ಹೆಡ್‌ಫೋನಿನಲ್ಲಿ ದನಿ ಇದೆ, ಮೊಬೈಲಿನಲ್ಲಿ ಇಲ್ಲ. ಅಂದರೆ ಫೈಲು ಖಾಲಿಯಲ್ಲ. ಹೆಡ್‌ಫೋನಿಗೆ ಎರಡು ಬದಿ. ಮುದುಕಿಯ ಮೊಬೈಲಿಗೆ ಇರುವುದು ಒಂದೇ ಸ್ಪೀಕರು. ತಾನು ಎಂದೂ ಮುಟ್ಟದ ಒಂದು ಬಟನ್ನು ಸಾಫ್ಟ್‌ವೇರಿನ ಮೂಲೆಯಲ್ಲಿತ್ತು, ಎಡ-ಬಲ ಎರಡನ್ನೂ ಕೂಡಿಸಿ ಕೇಳಿಸುವ ಮೋನೊ ಬಟನ್ನು. ಒತ್ತಿದಳು. ಹಣಮವ್ವ ಮಾಯ. ಬಿಟ್ಟಳು. ಹಣಮವ್ವ ಹಾಜರ್.

ಮಾಟ ಮಾಡಿದ್ದು ಬಾಲಗಾಂವಿಯವರಲ್ಲ, ಸೋನಾಲಿಯೇ. ದನಿಯನ್ನು ಅಗಲ ಮಾಡಿ ಭವ್ಯವಾಗಿಸುವ ಒಂದು ಪ್ಲಗಿನ್ ಅವಳಿಗೆ ಇತ್ತೀಚೆಗೆ ಸಿಕ್ಕಿತ್ತು, ಅದನ್ನು ಪೂರ್ತಿ ಏರಿಸಿಬಿಟ್ಟಿದ್ದಳು. ಅದು ದನಿಯನ್ನು ಎಡಕ್ಕೆ ನೇರವಾಗಿ, ಬಲಕ್ಕೆ ತಿರುವುಮುರುವಾಗಿ ಕಳಿಸುತ್ತಿತ್ತು. ಎರಡು ಕಿವಿಗೆ ಬೇರೆ ಬೇರೆ ಬಿದ್ದರೆ ಬಲು ಚಂದ. ಒಂದೇ ಸ್ಪೀಕರಿನಲ್ಲಿ ಕೂಡಿದರೆ ಒಂದನ್ನೊಂದು ತಿಂದು ಮುಗಿಸುತ್ತಿದ್ದವು.

ಆಗ ಅವಳಿಗೆ ಇನ್ನೊಂದು ಹಾಡು ನೆನಪಾಯಿತು. ಪುಢಾರಿ ಶಿದ್ರಾಯನ ಪಂಚಾಯಿತಿ ಚುನಾವಣೆಯ ಹಾಡಿಗೂ ಅದೇ ಪ್ಲಗಿನ್ ಹಾಕಿದ್ದಳು. ರಿಕ್ಷಾದ ಮೇಲಿನ ಒಂದೇ ಸ್ಪೀಕರಿನ ಭೋಂಗಾದಲ್ಲಿ ಆ ಹಾಡು ಊರೂರು ತಿರುಗಿತ್ತು. ಅಂದರೆ ಚುನಾವಣೆಯುದ್ದಕ್ಕೂ ಜನ ಕೇಳಿದ್ದು ಬರೀ ಢೋಲಕಿ. ಶಿದ್ರಾಯನ ಹೆಸರಾಗಲಿ ಅವನ ಭರವಸೆಗಳಾಗಲಿ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಭಾರಿ ಮತಗಳಿಂದ ಗೆದ್ದಿದ್ದ.

ಅದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿ ಪ್ಲಗಿನ್ ಕಿತ್ತು ಹಾಕಿದಳು. ಹಾಡನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿದಳು. ಇನ್ನು ಮೊಬೈಲನ್ನು ನಂಬುವ ಹಾಗಿರಲಿಲ್ಲ. ಹಿಂಡಿ ಬಂದಾಗ ಸಾರುವುದಕ್ಕೆಂದು ಅಂಗಡಿಯ ಮಾಡಿಗೆ ಮಲ್ಲಿನಾಥ ಕಟ್ಟಿದ್ದ ಭೋಂಗಾ ಇತ್ತು. ಅದರ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹಾಡು ಬಿಟ್ಟಳು.

ಸಂಖದ ಬಜಾರು ಬೆಚ್ಚಿತು.

*ಬಾಲಗಾಂವಿ ಬೀಗಣ್ಣ ಮೀಸಿಗಿ ಬಣ್ಣಾ ಹಚ್ಚ್ಯಾನ,*
*ಉಳದದ್ದು ಒಯ್ದು ಹೋತಿನ ಗಡ್ಡಕ್ಕ ಬಡದಾನ!*

"ಬಂತು! ಬಂತು ನನ್ನ ದನಿ!" ಹಣಮವ್ವ ಕಿಟಕಿಗೆ ಓಡಿದಳು. ಓಡಿದವಳು ಅಲ್ಲೇ ಕಲ್ಲಾದಳು. "ಯವ್ವಾ, ಬಂದ್ ಮಾಡು. ಲಗೂನ ಬಂದ್ ಮಾಡು!"

ಎದುರಿನ ಚಹಾದಂಗಡಿಯಲ್ಲಿ, ತಹಸೀಲ್ ಕಚೇರಿಗೆ ಹೊಲದ ಕಾಗದ, ಉತಾರಾ, ತೆಗೆಸಲು ಬಂದಿದ್ದ ಸೋಮನಿಂಗಪ್ಪ ಕೂತಿದ್ದ. ಗ್ಲಾಸು ತುಟಿಯ ಹತ್ತಿರವೇ ನಿಂತಿತ್ತು. ಅವನ ಮೀಸೆ ನಿಜಕ್ಕೂ ಹೊಸ ಟಾಯರಿನಷ್ಟು ಕಪ್ಪಗಿತ್ತು. ಕೂತವರೆಲ್ಲ ಅದನ್ನೇ ನೋಡುತ್ತಿದ್ದರು.

ಸೋನಾಲಿ ಮೌಸ್ ಹಿಡಿದಳು. ಹೊಡೆಸಿಕೊಂಡಿದ್ದ ಕಂಪ್ಯೂಟರು ಅದೇ ಗಳಿಗೆಗೆ ಸೆಟೆದು ನಿಂತಿತು. ಬಾಣದ ಗುರುತು ಅಲ್ಲಾಡಲಿಲ್ಲ, ಹಾಡು ಮಾತ್ರ ಹೋಗುತ್ತಲೇ ಇತ್ತು. ಊಟಕ್ಕೆ ಕೂತ ಬೀಗನನ್ನು ಎಬ್ಬಿಸಲು ಎತ್ತಿನ ಬಂಡಿ ತರಿಸುವ ನುಡಿ ಮುಗಿದು, ಅವನ ಗೊರಕೆಗೆ ಕುರಿ ಬೆದರಿದ ನುಡಿ ಶುರುವಾಗುವಾಗ ಅವಳಿಗೆ ವೈರು ಕೀಳುವ ಬುದ್ಧಿ ಬಂತು.

ಸೋಮನಿಂಗಪ್ಪ ಮೆಟ್ಟಿಲು ಹತ್ತಿ ಬಂದ. ಹಿಂದೆ ಮಲ್ಲಿನಾಥ, "ಬರ್ರಿ, ಕುಂದ್ರಿ, ಚಾ ತರಸ್ತೀನಿ" ಎನ್ನುತ್ತ ಬಂದ. ಅವನು ಕೂರಲಿಲ್ಲ.

"ಬೀಗತ್ಯಾರ, ಹೋತಿನ ಗಡ್ಡಕ್ಕ ಬಣ್ಣಾ ಬಡದದ್ದು ನಾನಲ್ಲ. ನನ್ನ ತಮ್ಮ."

ಯಾರೂ ನಗಲಿಲ್ಲ, ಬಹಳ ಕಷ್ಟಪಟ್ಟು.

"ನಿಮ್ಮ ಬಾಯಾಗ ಬೈಸ್ಕೋಬೇಕಂತನs ಈ ಬೀಗತನಾ ಒಪ್ಪೀನಿ. ನಮ್ಮ ಅಕ್ಕ ಚನ್ನವ್ವ ತಿಂಗಳಾತು, ಹೊಲದಾಗ ಹಾಡು ಕಟ್ಟಕೋತ ತಿರಗ್ಯಾಳ, ನಿಮಗ ಉತ್ತರಾ ಕೊಡಾಕ. ಹಂದರದಾಗ ಎದರಾ ಎದರ ಕುಂತು ಬೈದ್ರ ಅದು ಸಂಬಂಧ. ಭೋಂಗಾದಾಗ ಬೈದ್ರ ಭೋಂಗಾಕ್ಕ ಯಾರು ಉತ್ತರಾ ಕೊಡಬೇಕ್ರಿ? ಅಕಿ ಕಟ್ಟಿದ್ದು ಎಲ್ಲಿ ಇಡಬೇಕು?"

ಹಣಮವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಮೋನೊ ಬಟನ್ನು ಒತ್ತಿದ ಹಾಗೆ.

"ಹಂದರದಾಗ ಬೈಯಾಕ ನನಗೂ ಆಸೆ ಐತೋ ತಮ್ಮಾ" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ಆ ಡೀಜೇ ಬಿಡಬೇಕಲ್ಲ?"

"ಡೀಜೇ ನಮ್ಮ ಕಡಿಯವರು ಹೇಳಿದ್ದು. ನಾ ನೋಡ್ಕೋತೀನಿ. ನೀವು ಬರ್ರಿ." ಬಾಗಿಲಲ್ಲಿ ತಿರುಗಿ ಸೋನಾಲಿಗೆ ಹೇಳಿದ: "ಎರಡ ಮೈಕ್ ತೊಗೊಂಡು ನೀನೂ ಬಾರವಾ. ಆ ಭೋಂಗಾ ಮಾತ್ರ ತರಬ್ಯಾಡ."

ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ ಸೋಮನಿಂಗಪ್ಪ ತಾನೇ ಹೋಗಿ ಡೀಜೇ ಜನರೇಟರು ಬಂದ್ ಮಾಡಿಸಿದ. ಕುಣಿಯುವ ಹುಡುಗರು ಗೊಣಗಿದರು, ಆಮೇಲೆ ಅವರೂ ಬಂದು ಹಂದರದ ಗೂಟ ಹಿಡಿದು ನಿಂತರು. ಈ ಕಡೆ ಹಣಮವ್ವ, ಆ ಕಡೆ ಚನ್ನವ್ವ, ನಡುವೆ ಸೋನಾಲಿಯ ಎರಡು ಮೈಕು. ಹಣಮವ್ವ ಮೀಸೆಯ ಹಾಡನ್ನು ಬಿಟ್ಟು ಹೊಸದನ್ನೇ ಎತ್ತಿದಳು; ಹಳೆಯದು ಸಂಖದ ಬಜಾರಿನವರಿಗೆಲ್ಲ ಬಾಯಿಪಾಠವಾಗಿತ್ತು, ದನಿ ಕಳೆದ ಕಥೆಯೂ ಮಲ್ಲಿನಾಥನ ಅಂಗಡಿಯಿಂದ ಬಾಲಗಾಂವಿಯವರೆಗೆ ಹೋಗಿತ್ತು. ಚನ್ನವ್ವ ತೆಳ್ಳಗಿನ ಹೆಂಗಸು, ಮೊದಲೆರಡು ನುಡಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಮೂರನೆಯದಕ್ಕೆ ಸೆರಗು ಸರಿಸಿದಳು.

*ಸನಮಡಿ ಮುದಕಿ ದನಿ ಕಳಕೊಂಡು ಸಂಖಕ್ಕ ಹೋಗ್ಯಾಳ,*
*ಹಿಂಡಿ ಚೀಲದಾಗ ಹುಡುಕ್ಯಾಡಿ ಎಮ್ಮಿ ದನಿ ತಂದಾಳ!*

ಹಂದರ ಹಾರಿಹೋಗುವ ಹಾಗೆ ಜನ ನಕ್ಕರು. ಕಾಜಲ್ ದಂಡೆ ಕಟ್ಟಿದ ತಲೆ ತಗ್ಗಿಸಿ ಭುಜ ಕುಣಿಸುತ್ತಿದ್ದಳು. ಹಣಮವ್ವ ಉತ್ತರ ಕೊಡಲು ಎದ್ದು ನಿಂತಳು, ಎರಡು ಸಲ ಶುರು ಮಾಡಿದಳು, ಎರಡು ಸಲವೂ ನಗು ನುಗ್ಗಿ ಹಾಡು ಮುರಿಯಿತು. ಕೊನೆಗೆ ಸೊಂಟಕ್ಕೆ ಕೈ ಕೊಟ್ಟು ಮೈಕಿನಲ್ಲೇ, "ಎಲಾ ಕಳ್ಳೀ, ಇಷ್ಟ ದಿನಾ ಎಲ್ಲಿದ್ದಿಯೇ?" ಎಂದು ಕೂಗಿ, ಚನ್ನವ್ವನ ಗಲ್ಲ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.